ಎರಡು ಬೆಳಕಿನ ಹೊತ್ತು

ಬಾಯಿ ತುಂಬ ಗುಂಡುಪಿನ್ನು ಕಚ್ಚಿಕೊಂಡಿದ್ದ ಟೈಲರಕ್ಕನಿಗೆ ಕೂಗಲು ಆಗಲಿಲ್ಲ. ಕೋಟಿನ ಅಂಚು ಮಡಿಸಿ ಪಿನ್ನು ಚುಚ್ಚುತ್ತಿದ್ದವಳು ತಲೆಯೆತ್ತಿ ನೋಡಿದರೆ ಅಮ್ಮನ ಕುರ್ಚಿ ಖಾಲಿ, ಹಿಂಬಾಗಿಲು ಹಾರುಹೊಡೆದಿದೆ. "ಅಮ್ಮಾ" ಅನ್ನಲು ಹೋಗಿ "ಮ್ಮ್ಮ್" ಅಂದಳು. ಪಿನ್ನುಗಳನ್ನೆಲ್ಲ ಅಂಗೈಗೆ ಉಗಿದುಕೊಂಡು, ಕೋಟನ್ನು ಮೇಜಿನ ಮೇಲೆ ಎಸೆದು, ಚಪ್ಪಲಿಯನ್ನೂ ಮೆಟ್ಟದೆ ಹಿಂದಿನ ಗಲ್ಲಿಗೆ ಓಡಿದಳು.

ಗಲ್ಲಿಯಲ್ಲಿ ಸಂಜೆ ಅರ್ಧ ಇಳಿದಿತ್ತು. ಶರತ್ಕಾಲದ ಕೊನೆಯ ದಿನಗಳು. ಹಗಲೆನ್ನುವುದು ಅವಸರದ ನೆಂಟರ ಹಾಗೆ ಕೂತಂತೆ ಮಾಡಿ ಎದ್ದು ಹೊರಡುವ ಕಾಲ. ಚರಂಡಿಯ ಪಕ್ಕ ಒಣಗಿದ ಎಲೆ ಗುಡ್ಡೆ ಬಿದ್ದಿತ್ತು. ಅಲ್ಲೇ, ಬೇಕರಿಯ ಗೋಡೆಗೆ ಒಂದು ಕೈ ಕೊಟ್ಟು, ಇನ್ನೊಂದು ಕೈಯನ್ನು ಎದೆಯ ಮುಂದೆ ಏನನ್ನೋ ಹಿಡಿದವಳಂತೆ ಮಡಿಸಿಕೊಂಡು ಅಮ್ಮ ನಿಂತಿದ್ದಳು. ಅವಳ ತೋಳು ಹಿಡಿದು ನಿಲ್ಲಿಸಿದ್ದವಳು ಬೇಕರಿಯ ಹೆಂಗಸು.

"ನೋಡು ಟೈಲರಕ್ಕ, ಬಿಸಿ ಬ್ರೆಡ್ಡಿನ ತಟ್ಟೆ ಹಿಡ್ಕೊಂಡು ಬರ್ತಿದ್ದೆ. ಒಂದು ಹೆಜ್ಜೆ ಆಚೀಚೆ ಆಗಿದ್ರೆ ನಿಮ್ಮಮ್ಮ, ನಾನು, ಬ್ರೆಡ್ಡು, ಎಲ್ಲಾ ಒಟ್ಟಿಗೆ ಚರಂಡಿಲಿ ಇರ್ತಿದ್ವಿ. ಮೊನ್ನೆನೂ ಹೀಗೇ ಆಯ್ತು. ಹಿಂಬಾಗಿಲಿಗೆ ಬೀಗ ಜಡಿ ಅಂದ್ರೆ ಕೇಳಲ್ಲ ನೀನು."

"ಬೀಗ ಹಾಕಿದ್ರೆ ಬಾಗಿಲು ಬಡೀತಾಳೆ. ಕೈ ಊದ್ಕೊಳ್ಳೋ ತನಕ ಬಡೀತಾಳೆ."

"ಹಾಗಾದ್ರೆ ಡಾಕ್ಟರ ಮಾತ್ರೆ ಕೊಡು. ಮಲಗಿಯಾದ್ರೂ ಇರ್ಲಿ ಪಾಪ."

ಟೈಲರಕ್ಕ ಅಮ್ಮನ ಭುಜ ಬಳಸಿ ಒಳಗೆ ಕರೆತಂದಳು. ಅಮ್ಮ ದಾರಿಯುದ್ದಕ್ಕೂ "ಹೊತ್ತಾಯ್ತು, ಬಿಡೇ, ಹೊತ್ತಾಯ್ತು" ಎನ್ನುತ್ತಲೇ ಇದ್ದಳು.

ಮಾತ್ರೆ ಕೊಟ್ಟು ನೋಡಿಯಾಗಿತ್ತು. ಡಾಕ್ಟರದ್ದು ಅಡ್ಡಗೋಡೆ ಮೇಲೆ ದೀಪ ಇಟ್ಟಂಥ ಮಾತು: ಕೊಟ್ಟರೆ ಒಳ್ಳೆಯದು, ಕೊಡದಿದ್ದರೂ ಪರವಾಗಿಲ್ಲ, ಆದರೆ ನಾಳೆ ಬಿದ್ದು ಸೊಂಟ ಮುರಿದರೆ ನನ್ನನ್ನು ಕೇಳಬೇಡಿ. ಕೊಟ್ಟ ದಿನಗಳಲ್ಲಿ ಅಮ್ಮ ಮೂಟೆಯ ಹಾಗೆ ಕುರ್ಚಿಯಲ್ಲಿ ಕುಸಿದಿದ್ದಳು. ಗುಂಡಿಗಳನ್ನು ಬಣ್ಣಬಣ್ಣವಾಗಿ ಬೇರೆ ಮಾಡುವುದು ಅವಳ ಹಗಲಿನ ಕೆಲಸ. ಆ ಗುಂಡಿಗಳ ಡಬ್ಬಿಯನ್ನು ತೊಡೆಯ ಮೇಲಿಟ್ಟರೂ ಮುಟ್ಟಲಿಲ್ಲ. ಮಗಳು ಹೆಸರು ಹಿಡಿದು ಕೂಗಿದರೆ, ಎಲ್ಲೋ ದೂರದ ಮನೆಯವರು ಕರೆದಂತೆ ತಡವಾಗಿ ಕಣ್ಣೆತ್ತಿದಳು. ಮಾತ್ರೆಯ ಪಟ್ಟಿಯನ್ನು ಟೈಲರಕ್ಕ ಸೀಮೆಸುಣ್ಣದ ಡ್ರಾಯರಿನ ಒಳಗೆ ತಳ್ಳಿದಳು. ಆದರೆ ಎಷ್ಟು ದಿನ ಅಂತ? ಇವತ್ತು ಚರಂಡಿ ತಪ್ಪಿತು. ನಾಳೆ ಗಲ್ಲಿಯಲ್ಲಿ ಬೈಕು ಬಂದರೆ? ಅಂಗಡಿಯಲ್ಲಿ ಇರುವವಳು ತಾನೊಬ್ಬಳೇ, ಕಣ್ಣು ಇರಬೇಕಾದ್ದು ಸೂಜಿಯ ಮೇಲೆ.

ಹಗಲೆಲ್ಲ ಅಮ್ಮನದು ಒಂದು ಕಿರಿಕಿರಿ ಇಲ್ಲ. ಬೆಳಕು ಇಳಿಯುವ ಹೊತ್ತಿಗೆ ಮಾತ್ರ ಕಾಲಿಗೆ ಚಕ್ರ ಕಟ್ಟಿದಂತೆ ಏಳುತ್ತಿದ್ದಳು.

ಆ ಹೊತ್ತಿಗೆ ಈ ಮನೆಯಲ್ಲಿ ಒಂದು ಹೆಸರೇ ಇತ್ತು: ಎರಡು ಬೆಳಕಿನ ಹೊತ್ತು. ಅಪ್ಪ ಇಟ್ಟ ಹೆಸರು. ಹಗಲು ಪೂರ್ತಿ ಹೋಗಿಲ್ಲ, ದೀಪಕ್ಕೆ ಇನ್ನೂ ಬಲ ಬಂದಿಲ್ಲ ಅನ್ನುವಾಗ ಕಣ್ಣು ಸುಳ್ಳು ಹೇಳುತ್ತದೆ ಎಂದು ಅವನ ಶಾಸ್ತ್ರ. ಅಪ್ಪನ ಅಪ್ಪ ಒಮ್ಮೆ ಅಂಥ ಹೊತ್ತಿನಲ್ಲಿ, ಗಿರಾಕಿಗಳ ಕಾಟಕ್ಕೆ ದೀಪ ಹಚ್ಚಿಕೊಂಡು ಕೂತು, ಯಾವನೋ ವಕೀಲನ ಕಪ್ಪು ಕೋಟಿಗೆ ಕಡುನೀಲಿ ತೋಳು ಕೂಡಿಸಿಬಿಟ್ಟನಂತೆ. ಬೆಳಿಗ್ಗೆ ಬಾಗಿಲು ತೆಗೆದು ನೋಡಿ ಹಣೆ ಹಣೆ ಚಚ್ಚಿಕೊಂಡನಂತೆ. ಅವತ್ತಿನಿಂದ ಈ ಅಂಗಡಿಯಲ್ಲಿ ಎರಡು ಬೆಳಕಿನ ಹೊತ್ತಲ್ಲಿ ಯಾರೂ ಸೂಜಿ ಮುಟ್ಟಬಾರದು, ದೀಪವನ್ನೂ ತರಬಾರದು. ಶರತ್ಕಾಲದ ಕೊನೆಯೆಂದರೆ ಊರಿಗೆ ಊರೇ ಏಕಾಏಕಿ ಕೋಟು ನೆನಪಾಗಿ ಓಡಿಬರುವ ಕಾಲ, ತಲೆ ತುರಿಸಿಕೊಳ್ಳಲು ಪುರುಸೊತ್ತಿರುತ್ತಿರಲಿಲ್ಲ. ಆದರೂ ಅಪ್ಪ ಸೂಜಿಯನ್ನು ದಿಂಬಿಗೆ ಚುಚ್ಚಿ, ಕತ್ತರಿಸುವ ಮೇಜಿಗೆ ಬೆನ್ನು ಕೊಟ್ಟು ಕೂತು, ಪದ್ಯ ಹೇಳುತ್ತಿದ್ದ.

ಹಳೇ ಕಾಲದ ಪದ್ಯಗಳು. ಅಪ್ಪನಿಗೆ ಕೆಲಸ ಕಲಿಸಿದ ಗುರು ಬಾಯಿಯಿಂದ ಬಾಯಿಗೆ ದಾಟಿಸಿದ್ದು. ಬರೆದವನು ಯಾರು ಅಂತ ಗುರುವಿಗೂ ಗೊತ್ತಿರಲಿಲ್ಲ. ಎಲ್ಲವೂ ಶರತ್ಕಾಲದ ಸಂಜೆಯ ಮೇಲೆಯೇ. ಆ ಕವಿಗಳಿಗೆ ಬೇರೆ ಋತುಗಳಲ್ಲಿ ಬೇರೆ ಉದ್ಯೋಗವಿತ್ತೋ ಏನೋ. ಅಪ್ಪನಿಗೆ ತೀರ ಇಷ್ಟವಾಗಿದ್ದು ಒಂದು, ದಿನವೂ ಅದರಲ್ಲೇ ಮುಗಿಸುತ್ತಿದ್ದ:

ಹಣ್ಣೆಲೆಯ ಕೈಬಿಟ್ಟು ನಿಂತಿಹುದು ಮರವು,
ತಣ್ಣನೆಯ ಗಾಳಿಯಲಿ ಕಟ್ಟಿಗೆಯ ಹೊಗೆಯು;
ಬಣ್ಣವನು ಕಳಚಿಟ್ಟು ಹೊರಟಿಹುದು ಹಗಲು,
ಕಣ್ಣಿನಲಿ ಉಳಿದಿಹುದು ತುಸುವೆ ತುಸು ಬೆಳಕು.

ಚಿಕ್ಕವಳಿದ್ದಾಗ ಟೈಲರಕ್ಕನಿಗೆ ಇದನ್ನು ಕೇಳಿದರೆ ಆಕಳಿಕೆ ಬರುತ್ತಿತ್ತು. "ಇದೇನಪ್ಪಾ, ಒಂದು ಎಲೆ ಬೀಳೋಕೆ ಇಷ್ಟು ಸಾಲು!" ಅಂದಿದ್ದಳು ಒಮ್ಮೆ. "ಎಲೆಗೇನು ಅವಸರ ಮಗಾ? ನಿನಗಿರೋ ಅವಸರ ಅದಕ್ಕಿಲ್ಲ" ಅಂದಿದ್ದ ಅಪ್ಪ. ಈಗ ತಲೆ ನರೆತ ಮೇಲೆ ಅವಳಿಗೆ ಆ ಪದ್ಯದ ರುಚಿ ಹತ್ತಿತ್ತು. ಅದರಲ್ಲಿ ಏನೂ ನಡೆಯುವುದಿಲ್ಲ. ಎಲೆ ಬೀಳುತ್ತದೆ, ಹಕ್ಕಿ ಬರುತ್ತದೆ, ದಾರಿ ಖಾಲಿಯಾಗುತ್ತದೆ. ಯಾರೂ ಯಾರಿಗೂ ಬುದ್ಧಿ ಹೇಳುವುದಿಲ್ಲ. ಪ್ರಾಸ ಒಳ್ಳೆಯ ಹೊಲಿಗೆಯ ಹಾಗೆ ಬರಬೇಕಾದ ಕಡೆ ಬಂದು ಕೂರುತ್ತದೆ. "ಹೊರಟಿಹುದು ಹಗಲು" ಅಂದರೆ ಸಾಕು, ಹಳೆಯ ಅಂಗಡಿ, ಇದ್ದಿಲ ವಾಸನೆ, ಉಣ್ಣೆಯ ಬಟ್ಟೆಯ ವಾಸನೆ, ಅಪ್ಪನ ಕೆಮ್ಮು, ಎಲ್ಲ ಬಂದು ಮುತ್ತಿಕೊಳ್ಳುತ್ತಿದ್ದವು.

ಆದರೆ ಅವಳಿಗೆ ಪದ್ಯ ಪೂರ್ತಿ ಬರುತ್ತಿರಲಿಲ್ಲ. ಮೂರನೆಯ ನುಡಿ ಮುಗಿದದ್ದೇ ಅವಳು ಎದ್ದು ಹಿತ್ತಲಿಗೆ ಹೋಗಬೇಕಿತ್ತು, ಇಸ್ತ್ರಿಪೆಟ್ಟಿಗೆಗೆ ಕೆಂಡ ಮಾಡಲು. ಆಗಿನಿಂದ ಊದಿದರೆ ದೀಪ ಬರುವ ಹೊತ್ತಿಗೆ ಕೆಂಡ ಕೆಂಪಗಾಗುತ್ತಿತ್ತು. ದಿನದಿನವೂ ಹಾಗೇ. ಕೇಳಿದ್ದು ಮೂರು ನುಡಿ, ಮಿಕ್ಕಿದ್ದು ಹೊಗೆ.

ಬೇಕರಿಯವಳು ಅಮ್ಮನನ್ನು ಹಿಡಿದು ತಂದ ಮರುದಿನ, ಟೈಲರಕ್ಕ ಕೆಲಸವನ್ನು ಬದಿಗಿಟ್ಟು ಅಮ್ಮನ ಕುರ್ಚಿಯ ಪಕ್ಕ ಸ್ಟೂಲು ಹಾಕಿಕೊಂಡು ಕಾವಲು ಕೂತಳು. ಬೆಳಕು ಇಳಿಯಿತು. ಅಮ್ಮ ಕುರ್ಚಿಯ ಕೈ ಹಿಡಿದು ಏಳಲು ನೋಡಿದಳು. ಸುಮ್ಮನೆ ಏನಾದರೂ ಹೇಳಬೇಕಲ್ಲ ಅಂತ, ಬೇರೇನೂ ತೋಚದೆ, ಟೈಲರಕ್ಕ "ಹಣ್ಣೆಲೆಯ ಕೈಬಿಟ್ಟು" ಎಂದು ಶುರು ಮಾಡಿದಳು. ಅಮ್ಮ ಕೂತಳು. ಕೂತಳೆಂದರೆ, ಬೆನ್ನು ಆನಿಸಿ, ಕೈ ಮಡಿಲಲ್ಲಿಟ್ಟು, ಹಳೆಯ ಅಮ್ಮನಂತೆ ಕೂತಳು.

ಗೂಡಿನೆಡೆ ಮರಳಿಹುದು ದಣಿದಿರುವ ಹಕ್ಕಿ,
ಹಾಡದೆಯೆ ಕುಳಿತಿಹುದು ರೆಕ್ಕೆಯನು ಮಡಿಸಿ...

ಟೈಲರಕ್ಕ ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು. ಇದಲ್ಲವೇ ಮದ್ದು! ಮೂರನೆಯ ನುಡಿಯ ಕೊನೆಯ ಸಾಲಿಗೆ ಬಂದಳು: "ಬಾಗಿಲನು ಮುಚ್ಚದಿರಿ, ಬರುವವರು ಇಹರು." ಅಲ್ಲಿಗೆ ಅವಳ ಸರಕು ಖಾಲಿ. ಅಮ್ಮ ಸ್ವಲ್ಪ ಹೊತ್ತು ಕಾದಳು. ಆಮೇಲೆ ಎದ್ದಳು. ಹಿಂಬಾಗಿಲ ಕಡೆ ಹೊರಟವಳನ್ನು ಮಗಳು ರಟ್ಟೆ ಹಿಡಿದು ಕೂರಿಸಿದಳು. ಮತ್ತೆ ಎದ್ದಳು, ಮತ್ತೆ ಕೂರಿಸಿದಳು. "ಮುಗೀತಲ್ಲೇ, ಬಿಡೇ" ಎಂದು ಅಮ್ಮ ಅಳುವ ದನಿಯಲ್ಲಿ ಬೇಡಿಕೊಂಡಳು.

ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ. ಮೂರು ನುಡಿಯ ತನಕ ಶಾಂತಿ, ಆಮೇಲೆ ರಂಪ. ಪದ್ಯದ ಬಾಲ ಸಿಕ್ಕರೆ ಅಮ್ಮ ಉಳಿದಾಳು ಎಂದು ಟೈಲರಕ್ಕನಿಗೆ ಖಚಿತವಾಯಿತು. ಬಾಗಿಲು ಮುಚ್ಚಬೇಡಿ, ಬರುವವರಿದ್ದಾರೆ ಅನ್ನುವಲ್ಲಿಗೆ ನಿಲ್ಲಿಸಿದರೆ ಯಾರು ತಾನೆ ಬಾಗಿಲ ಕಡೆಗೆ ಹೋಗುವುದಿಲ್ಲ?

ಕೋಟು ಒಯ್ಯಲು ಬಂದ ಮೇಷ್ಟ್ರನ್ನು ಕೇಳಿದಳು. ಅವರು ಕನ್ನಡಿಯಲ್ಲಿ ಹಿಂದುಮುಂದು ನೋಡಿಕೊಳ್ಳುತ್ತಲೇ ಮೂರು ನುಡಿ ಕೇಳಿದರು.

"ಹಳೇ ಮಾದರಿ ಕಣಮ್ಮ. ಎಲೆ ಉದುರೋದು, ಹಕ್ಕಿ ಗೂಡಿಗೆ ಬರೋದು, ಮುದುಕ ನಿಟ್ಟುಸಿರು ಬಿಡೋದು. ಇಂಥವು ಒಂದು ಕಾಲದಲ್ಲಿ ಬೀದಿಗೊಂದು ಇದ್ವು. ಈಗ ಯಾರು ಓದ್ತಾರೆ?" ಅಂದರು. ಆಮೇಲೆ ಕೋಟಿನ ಗುಂಡಿ ಹಾಕಿಕೊಳ್ಳುತ್ತ ಕೈ ತಡೆದು, "ಇನ್ನೊಂದ್ಸಲ ಹೇಳಿ, ಆ ಬಣ್ಣ ಕಳಚಿಟ್ಟಿದ್ದು" ಎಂದರು. ಹೇಳಿದಳು. "ಚೆನ್ನಾಗಿದೆ, ಕಣ್ರೀ" ಎಂದರು, ಯಾರೋ ಬಲವಂತವಾಗಿ ಒಪ್ಪಿಸಿದವರ ಹಾಗೆ. ಗೊತ್ತಿರುವ ಪುಸ್ತಕಗಳಲ್ಲೆಲ್ಲ ಹುಡುಕಿ ವಾರ ಬಿಟ್ಟು ಬಂದು, ಎಲ್ಲೂ ಇಲ್ಲ, ಮನೆಯವರಲ್ಲೇ ಯಾರಿಗಾದರೂ ಗೊತ್ತಿರಬೇಕು ಎಂದರು.

ಮನೆಯವರು ಅಂದರೆ ಇನ್ನೊಬ್ಬನೇ. ತಮ್ಮ. ಅವನಿಗೆ ಖಂಡಿತ ಗೊತ್ತಿತ್ತು, ಯಾಕೆಂದರೆ ಅವನು ಚಿಕ್ಕವನು, ಮೇಜಿನ ಕೆಳಗೆ ಬಟ್ಟೆಯ ಚೂರುಗಳ ರಾಶಿಯಲ್ಲಿ ಬೆಕ್ಕಿನ ಹಾಗೆ ಮಲಗಿ ಎಲ್ಲ ಕೇಳುತ್ತಿದ್ದವನು. ಅವನನ್ನು ಕೇಳುವುದಕ್ಕಿಂತ ಕೆಂಡ ನುಂಗುವುದು ಮೇಲು ಎಂದು ಟೈಲರಕ್ಕನಿಗೆ ಅನಿಸಿತು.

ಅವನು ಅಪ್ಪನ ಕಸುಬು ಬಿಟ್ಟು ಪೇಟೆಯ ಆ ತುದಿಯಲ್ಲಿ ರೆಡಿಮೇಡ್ ಬಟ್ಟೆಯಂಗಡಿಗೆ ಸೇರಿದ್ದ. ಅಪ್ಪ ಅದಕ್ಕೆ ಏನೂ ಅಂದಿರಲಿಲ್ಲ, ಅಂದದ್ದೆಲ್ಲ ಅಕ್ಕನೇ. ಅಪ್ಪ ಹೋದ ದಿನ ಅವನು ಮೈಮೇಲೆ ಕೊಂಡ ಕೋಟು ಹಾಕಿಕೊಂಡು ಬಂದ. ಅಂಗಡಿಯ ತುಂಬ ಜನ. ಎಲ್ಲರ ಎದುರಿಗೆ ಅವಳು, "ಕೋಟು ಹೊಲಿದೇ ಸತ್ತವನ ಮುಂದೆ ಕೊಂಡ ಕೋಟು ಹಾಕ್ಕೊಂಡು ನಿಂತಿದೀಯಲ್ಲ, ಮಾನ ಇದೆಯಾ ನಿನಗೆ?" ಎಂದಿದ್ದಳು. ಅವನು ಒಂದು ಮಾತಾಡದೆ ಎಲ್ಲ ಮುಗಿಸಿ ಹೋದ. ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಮೇಲೆ ವರ್ಷಗಳು ಉರುಳಿದವು. ಗಲ್ಲಿ ಅಗಲ ಮಾಡುವವರು ಬಂದು ಹಿಂದಿನ ಅಡುಗೆಮನೆ, ಹಿತ್ತಲು ಎರಡನ್ನೂ ಕೆಡವಿದರು. ಒಲೆ ಮಹಡಿಯ ಕೋಣೆಗೆ ಹತ್ತಿತು. ಅಮ್ಮನ ನೆನಪು ಒಂದೊಂದೇ ಕಳಚತೊಡಗಿತು. ಅದ್ಯಾವುದನ್ನೂ ಅಕ್ಕ ಹೇಳಿಕಳಿಸಲಿಲ್ಲ, ತಮ್ಮ ಕೇಳಿಕೊಂಡು ಬರಲಿಲ್ಲ.

ಆದರೂ ಹೋದಳು. ಡ್ರಾಯರಿನಲ್ಲಿ ಮಾತ್ರೆಯ ಪಟ್ಟಿ ಕಂಡಾಗಲೆಲ್ಲ ಅಮ್ಮನ ಆ ಜೋತ ಮುಖ ನೆನಪಾಗುತ್ತಿತ್ತು. ಬೇಕರಿಯವಳನ್ನು ಅಮ್ಮನ ಹತ್ತಿರ ಕೂರಿಸಿ, ಮಧ್ಯಾಹ್ನವೇ ಹೊರಟಳು.

ದೊಡ್ಡ ಗಾಜಿನ ಅಂಗಡಿ. ತಲೆಯಿಲ್ಲದ ಗೊಂಬೆಗಳು ಕೋಟು ತೊಟ್ಟು ನಿಂತಿದ್ದವು. ಬೆನ್ನಿನ ಹಿಂದೆ ಬಟ್ಟೆ ಹಿಡಿದು ಪಿನ್ನು ಚುಚ್ಚಿ ಮೈಗೆ ಒಪ್ಪಿಸಿದ್ದು ಅವಳ ಕಣ್ಣಿಗೆ ಕೂಡಲೇ ಬಿತ್ತು. ತಮ್ಮ ಕೌಂಟರಿನ ಹಿಂದೆ ಅಂಗಿ ಮಡಿಸುತ್ತಿದ್ದ. ಸೈಜು ಬರೆದ ಚೀಟಿಗಳ ನಡುವೆಯೂ ಕೊರಳಲ್ಲಿ ಅಳತೆಯ ಟೇಪು ನೇತುಹಾಕಿಕೊಂಡಿದ್ದ. ಅಕ್ಕನನ್ನು ಕಂಡದ್ದೇ ಅವನ ಮುಖ ಬೆಳ್ಳಗಾಯಿತು.

"ಅಮ್ಮ...?"

"ಇದಾಳೆ, ಇದಾಳೆ. ಅದಕ್ಕಲ್ಲ ಬಂದಿದ್ದು." ಅವಳಿಗೆ ಪೀಠಿಕೆ ಹಾಕುವುದು ಬರುತ್ತಿರಲಿಲ್ಲ. "‘ಹಣ್ಣೆಲೆಯ ಕೈಬಿಟ್ಟು’ ನೆನಪಿದೆಯೇನೋ ನಿನಗೆ?"

ತಮ್ಮ ಅವಳನ್ನು ನೋಡಿದ. ಆಮೇಲೆ ನಗತೊಡಗಿದ. "ಇಷ್ಟು ವರ್ಷ ಆದ್ಮೇಲೆ ಮುಖ ತೋರಿಸ್ತಿದೀಯ. ಪದ್ಯ ಕೇಳೋಕೆ ಬಂದ್ಯಾ ಅಕ್ಕ?"

ಅವಳು ಎಲ್ಲವನ್ನೂ ಹೇಳಿದಳು: ಸಂಜೆ, ಹಿಂಬಾಗಿಲು, ಮಾತ್ರೆ, ಮೂರು ನುಡಿ. ಅವನ ನಗು ಅಲ್ಲಲ್ಲೇ ಆರುತ್ತ ಬಂತು. ಯಾರೋ ಗಿರಾಕಿ ಕಂದು ಬಣ್ಣದ್ದು ತೋರಿಸಿ ಎಂದರೆ ತೋರಿಸಿ ಬಂದು, ಕೌಂಟರಿನ ಮೇಲೆ ಬಾಗಿ, ಗುಟ್ಟು ಹೇಳುವವನಂತೆ ನಾಲ್ಕನೆಯ ನುಡಿ ಹೇಳಿದ:

ಮಾಗಿರುವ ನೆನಪುಗಳು ತಾವಾಗಿ ಉದುರಿ
ಬಾಗಿರುವ ಹೆಗಲಿನಲಿ ಹಗುರಾಗಿ ಕುಳಿತು...

ದನಿ ಥೇಟು ಅಪ್ಪನದು. ಟೈಲರಕ್ಕ ಕೌಂಟರಿನ ಅಂಚು ಹಿಡಿದುಕೊಂಡಳು.

"ಆಮೇಲೆ?"

"ಆಮೇಲೆ ಇನ್ನೊಂದು ನುಡಿ ಇದೆ. ಅದು ನಿನಗೆ ಗೊತ್ತಲ್ಲ, ಕೊನೇದು."

"ನನಗೆಲ್ಲಿ ಗೊತ್ತು? ನಾನು ಕೆಂಡ ಮಾಡೋಕೆ ಹೋಗ್ತಿದ್ನಲ್ಲೋ."

"ಅಯ್ಯೋ, ನಾನು ಮುಂದುಗಡೆ ಅಂಗಡಿ ಮುಚ್ಚೋ ಹಲಗೆ ಜೋಡಿಸೋಕೆ ಹೋಗ್ತಿದ್ದೆ. ಆ ಹಲಗೆ ಧಡಧಡದಲ್ಲಿ ಏನು ಕೇಳ್ಸುತ್ತೆ? ನೀನು ದೊಡ್ಡೋಳು, ನಿನಗೆ ಪೂರ್ತಿ ಬರುತ್ತೆ ಅಂತಲೇ ಇದ್ದೆ ನಾನು."

"ನೀನು ಮೇಜಿನ ಕೆಳಗೇ ಇರ್ತೀಯ ಅಂತ ನಾನಿದ್ದೆ."

ಇಬ್ಬರೂ ಮಿಕಿಮಿಕಿ ನೋಡಿದರು. ಇಷ್ಟೆಲ್ಲ ಸೊಕ್ಕು ಮುರಿದುಕೊಂಡು ಬಂದದ್ದು ಅರ್ಧ ಪದ್ಯಕ್ಕೆ ಎಂದು ಟೈಲರಕ್ಕನಿಗೆ ಅಳುವೋ ನಗುವೋ ತಿಳಿಯಲಿಲ್ಲ. ಚೀಲ ಹೆಗಲಿಗೇರಿಸಿದಳು. ಬಾಗಿಲ ತನಕ ಬಂದ ತಮ್ಮ ಗೊಂಬೆಯ ಕೋಟಿನ ಕಾಲರು ಸರಿಮಾಡುತ್ತ, ಗೊಂಬೆಗೇ ಹೇಳುವಂತೆ ಹೇಳಿದ:

"ಅವತ್ತು ಅಪ್ಪ ಹೊಲಿದಿದ್ದೇ ಹಾಕ್ಕೊಳ್ಳೋಕೆ ನೋಡಿದೆ ಅಕ್ಕ. ಗುಂಡಿ ಹತ್ತಲಿಲ್ಲ. ದಪ್ಪ ಆಗಿದ್ದೆ. ಅಂಥ ದಿನ ಅದನ್ನ ಬಾಯಿಬಿಟ್ಟು ಹೇಳೋಕಾಗುತ್ತಾ?"

ಟೈಲರಕ್ಕ ಚೀಲವನ್ನು ಮತ್ತೆ ಕೆಳಗಿಟ್ಟಳು. "ಬಿಚ್ಚಿ ದೊಡ್ಡದು ಮಾಡ್ಕೊಡ್ತಿದ್ನಲ್ಲೋ," ಅಂದಳು. ಆಮೇಲೆ, "ನಾನು ಹಾಗನ್ನಬಾರದಿತ್ತು. ನನ್ನ ನಾಲಿಗೆಗಿಷ್ಟು ಬೆಂಕಿ ಹಾಕ" ಎಂದಳು.

"ನಾನು ಕೊಂಡ ಆ ಕೋಟೂ ಅಷ್ಟಕ್ಕಷ್ಟೇ ಬಿಡು."

"ತೋಳು ಉದ್ದ ಇತ್ತು. ಆ ಗೋಳಲ್ಲೂ ನನ್ನ ಕಣ್ಣು ಅಲ್ಲೇ ಹೋಯ್ತು ನೋಡು."

"ನಾಳೆ ನನಗೆ ರಜ. ಬರ್ತೀನಿ" ಎಂದ ಅವನು. "ನನ್ನದೊಂದು ನುಡಿಯಾದ್ರೂ ಕೇಳ್ಲಿ."

ಮರುದಿನ ಬಿಸಿಲು ಹೊಂಬಣ್ಣಕ್ಕೆ ತಿರುಗುವ ಹೊತ್ತಿಗೆ ಬಂದ. ಮೈಮೇಲೆ ಅವತ್ತಿನ ಅದೇ ಕೋಟು. ಇದ್ದದ್ದೇ ಅದೊಂದೋ, ಬೇಕೆಂದೇ ಹಾಕಿಕೊಂಡು ಬಂದನೋ, ಅವಳು ಕೇಳಲಿಲ್ಲ. ಅಮ್ಮ ಗುಂಡಿಯ ಡಬ್ಬಿಯಿಂದ ತಲೆಯೆತ್ತಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಗಿರಾಕಿ ಬಂದಿದಾರೆ. ಅಳತೆ ತಗೋ" ಎಂದು ಮಗಳಿಗೆ ಹೇಳಿ ಮತ್ತೆ ಗುಂಡಿಗೆ ತಿರುಗಿದಳು. ತಮ್ಮ ನಗಲು ನೋಡಿದ, ಆಗಲಿಲ್ಲ. ಬಾಯಿ ಒಣಗಿದಂತಾಗಿ, "ನೀರು ಕುಡೀತೀನಿ" ಎಂದು ಮೇಜನ್ನು ಬಳಸಿ, ಕಾಲಿಗೆ ಅಭ್ಯಾಸವಿದ್ದ ಕಡೆಗೆ ನಡೆದು, ಹಿಂಬಾಗಿಲು ತಳ್ಳಿ, ಧಡಕ್ಕನೆ ಗಲ್ಲಿಗೆ ಬಿದ್ದ.

ಬಿದ್ದದ್ದು ಮಂಡಿಯ ಮೇಲೆ. ಪುಣ್ಯಕ್ಕೆ ಒಣ ಎಲೆಯ ಗುಡ್ಡೆ ಇತ್ತು.

"ಅಡುಗೆಮನೆ ಎಲ್ಲೋಯ್ತು?" ಎಂದ ಕೂತಲ್ಲಿಂದಲೇ.

ಟೈಲರಕ್ಕನಿಗೆ ನಗು ತಡೆಯಲಾಗಲಿಲ್ಲ. "ಗಲ್ಲಿಗೆ ಹೋಯ್ತು. ನೀನು ಕೂತಿದೀಯಲ್ಲ, ಅದೇ ಒಲೆ ಇದ್ದ ಜಾಗ. ಏಳು, ಪೆಟ್ಟಾಯ್ತಾ?"

ಅವನು ಏಳಲಿಲ್ಲ. ತೆರೆದ ಬಾಗಿಲನ್ನು, ಒಳಗಿನ ಕುರ್ಚಿಯನ್ನು, ಮತ್ತೆ ಬಾಗಿಲನ್ನು ನೋಡಿದ.

"ಅಕ್ಕ, ಅಮ್ಮ ದಿನಾ ಹೋಗೋದು ಈ ಬಾಗಿಲಿಂದಾನಾ?"

"ಹೂಂ."

"ಮುಂದಿನ ಬಾಗಿಲಿಗೆ ಯಾವತ್ತೂ ಹೋಗಿಲ್ವಾ?"

"ಇಲ್ಲ. ಯಾಕೆ?"

"ಅವಳು ಬೀದಿಗೆ ಹೋಗ್ತಿಲ್ಲ ಅಕ್ಕ. ಅಡುಗೆಮನೆಗೆ ಹೋಗ್ತಿದಾಳೆ."

ಟೈಲರಕ್ಕನ ನಗು ನಿಂತಿತು. ಬೇಕರಿಯ ಗೋಡೆಯ ಪಕ್ಕ ಅಮ್ಮ ನಿಂತಿದ್ದ ರೀತಿ ಕಣ್ಣಿಗೆ ಕಟ್ಟಿತು: ಎದೆಯ ಮುಂದೆ ಮಡಿಸಿ ಹಿಡಿದ ಆ ಕೈ. ಪದ್ಯ ಮುಗಿಯುವ ಹೊತ್ತಿಗೆ ಅಡುಗೆಮನೆಯಿಂದ ದೀಪ ತರುವವಳು ಅಮ್ಮ. ಅವಳು ತಂದಿಟ್ಟ ಮೇಲೆ ಅಪ್ಪ ದಿಂಬಿನಿಂದ ಸೂಜಿ ಕೀಳುತ್ತಿದ್ದ. ಇಷ್ಟು ದಿನವೂ ಆ ಮುದುಕಿ ತನ್ನ ಕೆಲಸಕ್ಕೆ ಎದ್ದಿದ್ದಳು. ತಾನು ರಟ್ಟೆ ಹಿಡಿದು ಎಳೆದೆಳೆದು ಕೂರಿಸಿದ್ದಳು. ಟೈಲರಕ್ಕ ಬಾಗಿಲ ಹೊಸ್ತಿಲ ಮೇಲೆ ಕುಸಿದು, ಮುಖಕ್ಕೆ ಕೈ ಒತ್ತಿ, ಚಿಕ್ಕ ಹುಡುಗಿಯ ಹಾಗೆ ಅತ್ತಳು. ತಮ್ಮ ಎದ್ದು ಬಂದು ಅವಳ ತಲೆಯ ಮೇಲೆ ಕೈಯಿಟ್ಟು ನಿಂತ.

ಹಳೆಯ ದೀಪ ಗುಜರಿಗೆ ಹೋಗಿ ಎಷ್ಟೋ ಕಾಲವಾಗಿತ್ತು. ಕರೆಂಟು ಹೋದಾಗ ಉರಿಸುವ ಬ್ಯಾಟರಿ ದೀಪವೊಂದಿತ್ತು, ಹಿಡಿಕೆಯದು. ಅದೇ ಸಾಕು ಅಂದುಕೊಂಡರು.

ಬೆಳಕು ಇಳಿಯಿತು. ಟೈಲರಕ್ಕ ಸೂಜಿಯನ್ನು ದಿಂಬಿಗೆ ಚುಚ್ಚಿ ಮೂರು ನುಡಿ ಹೇಳಿದಳು. "ಬರುವವರು ಇಹರು" ಎಂದದ್ದೇ ಎದ್ದು ಹೋಗಿ, ಹಿತ್ತಲಿಲ್ಲದ ಕಾರಣ, ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಹಾಕಿದಳು. ಕತ್ತಲಲ್ಲಿ ಅದರ ಪುಟ್ಟ ಕೆಂಪು ಗುಂಡಿ ಹೊತ್ತಿಕೊಂಡಿತು. ಮೇಜಿನ ಆ ಬದಿಯಿಂದ ತಮ್ಮ ನಾಲ್ಕನೆಯದನ್ನು ಹೇಳಿದ. ಹೇಳಿ ಮುಗಿಸಿ, ಹೊರಗೆ ನಿಂತು ಮುಂದಿನ ಶಟರನ್ನು ಧಡಧಡನೆ ಎಳೆದು, ಬ್ಯಾಟರಿ ದೀಪ ಹಿಡಿದು ಹೊರಗಿನಿಂದ ಬಳಸಿಕೊಂಡು ಗಲ್ಲಿಗೆ ಹೋದ.

ಅಮ್ಮ ಎದ್ದಳು. ಟೈಲರಕ್ಕನ ಕೈ ತಾನಾಗಿ ಮುಂದೆ ಚಾಚಿತು. ಅದನ್ನು ಹಿಂದಕ್ಕೆಳೆದು ಮೇಜಿನ ಅಂಚು ಗಟ್ಟಿಯಾಗಿ ಹಿಡಿದಳು. ಅಮ್ಮ ಕುರ್ಚಿ, ಮೇಜು, ಗೋಡೆ ಎಂದು ಒಂದೊಂದನ್ನೇ ಮುಟ್ಟುತ್ತ ಹೋಗಿ ಹಿಂಬಾಗಿಲು ತೆರೆದಳು. ಹೊರಗೆ ತಮ್ಮ ನಿಂತಿದ್ದ. ಅಮ್ಮ ಅವನ ಮುಖ ನೋಡಿದಳು.

"ಹಲಗೆ ಹಾಕಿದ್ಯೇನೋ ಪುಟ್ಟ?"

"ಹಾಕ್ದೆ ಅಮ್ಮ" ಎಂದ. ದನಿ ಒಡೆದಿತ್ತು.

ಅವನ ಕೈಯಿಂದ ದೀಪ ತೆಗೆದುಕೊಂಡು ಎದೆಯ ಹತ್ತಿರ ಹಿಡಿದಳು. ತಿರುಗಿದಳು. ಆದರೆ ಒಳಗೆ ಬರಲಿಲ್ಲ. ಬಾಗಿಲ ಚೌಕಟ್ಟಿಗೆ ಭುಜ ಕೊಟ್ಟು, ಒಂದು ಕಾಲು ಒಳಗೆ ಒಂದು ಕಾಲು ಹೊಸ್ತಿಲ ಮೇಲೆ ಇಟ್ಟು, ನಿಂತೇ ಇದ್ದಳು. ಅವಳು ಕಾಯುತ್ತಿದ್ದದ್ದು ಕೊನೆಯ ನುಡಿಗೆ ಎಂದು ಟೈಲರಕ್ಕನಿಗೆ ಆಗ ಹೊಳೆಯಿತು. ಹೇಳಬೇಕಾದವನು ಇಲ್ಲ. ಉಳಿದ ಇಬ್ಬರಿಗೆ ಬರುವುದಿಲ್ಲ. ಗಾಳಿ ಎರಡು ಮೂರು ಎಲೆಗಳನ್ನು ಹೊಸ್ತಿಲಿಗೆ ತಂದು ಸುರಿಯಿತು. ಅಪ್ಪ ಕೂರುತ್ತಿದ್ದ ಕಡೆಯನ್ನು ಅಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. ಮರೆತವರಿಗೆ ನೆನಪು ಮಾಡಿಕೊಡುವ ಮೆಲುದನಿಯಲ್ಲಿ, ತಾನೇ ಹೇಳಿದಳು:

"ದೀಪವನು ತರುವವಳೆ, ತುಸು ನಿಲ್ಲು, ನಿಲ್ಲು;
ಈ ಪರಿಯ ಸಂಜೆಗಳು ಇನ್ನೆಷ್ಟು ಉಂಟು?
ರೂಪಗಳು ಕರಗಿದರು ಇದ್ದಾರೆ ಎಲ್ಲ,
ದೀಪದಲಿ ಎಣಿಸುವುದು ಬೇಡವೇ ಬೇಡ."

ಒಂದಕ್ಷರ ತಡವರಿಸಲಿಲ್ಲ. ತನ್ನ ಹೆಸರೇ ನೆನಪಿಲ್ಲದ ದಿನಗಳಿದ್ದವು ಅವಳಿಗೆ.

ಆಮೇಲೆ ಬಂದು ದೀಪವನ್ನು ಮೇಜಿನ ಮೇಲೆ, ಕತ್ತರಿಯ ಎಡಗಡೆ, ಯಾವಾಗಲೂ ಇಡುತ್ತಿದ್ದ ಕಡೆ ಇಟ್ಟಳು. ತಮ್ಮ ಒಳಗೆ ಬಂದು ಅದರ ಗುಂಡಿ ಒತ್ತಿದ. ಬೆಳಕು ಮೇಜಿನ ಸುತ್ತ ಹರಡಿತು. ಅಮ್ಮ ತನ್ನ ಕುರ್ಚಿಗೆ ಹೋಗಿ, ದಿನದ ಕೆಲಸ ಮುಗಿಸಿದವಳಂತೆ ಉಸ್ಸೆಂದು ಕೂತಳು. ಮಗಳ ಕಡೆಗಾಗಲಿ ಮಗನ ಕಡೆಗಾಗಲಿ ನೋಡಲಿಲ್ಲ. ನೋಡಿದ್ದು ದೀಪದ ಪಕ್ಕ ಚಾಚಿದ್ದ ಅವನ ಕೋಟಿನ ತೋಳನ್ನು.

"ಉದ್ದ ಆಯ್ತು" ಎಂದಳು. "ಯಾರು ಹೊಲಿದದ್ದು ಇದು?"

ತಮ್ಮ ಅಕ್ಕನ ಮುಖ ನೋಡಿದ.

"ಬಿಚ್ಚು, ಇಲ್ಲಿ ಕೊಡು" ಎಂದಳು ಟೈಲರಕ್ಕ.

ಕೋಟು ಅವನ ಮೈಯ ಬಿಸಿಯನ್ನು ಇನ್ನೂ ಹಿಡಿದಿತ್ತು. ಅದನ್ನು ಮೇಜಿನ ಮೇಲೆ ಹರಡಿ ತೋಳಿನ ಅಂಚು ಬಿಚ್ಚಿದಳು. ಕಪ್ಪು ನೂಲು, ಕಡುನೀಲಿ ನೂಲು ಎರಡನ್ನೂ ದೀಪದ ಹತ್ತಿರ ಹಿಡಿದು ನೋಡಿದಳು, ನೀಲಿಯನ್ನು ಆರಿಸಿ ಸೂಜಿಗೆ ಪೋಣಿಸಿದಳು. ತಮ್ಮ ಬರೀ ಅಂಗಿಯಲ್ಲಿ, ಹಳೆಯ ಜಾಗದಲ್ಲಿ, ಮೇಜಿನ ಕಾಲಿಗೆ ಒರಗಿ ನೆಲದ ಮೇಲೆ ಕೂತ. ಅಮ್ಮನಿಗೆ ಜೊಂಪು ಹತ್ತುತ್ತಿತ್ತು. ಹಿಂಬಾಗಿಲು ತೆರೆದೇ ಇತ್ತು; ಚಳಿಗಾಳಿ ಬೀಸಿ ಒಂದು ಎಲೆ ನೆಲವನ್ನು ಸವರಿಕೊಂಡು ದೀಪದ ಬೆಳಕಿನವರೆಗೂ ಬಂತು. ಮುಚ್ಚಲು ಯಾರೂ ಏಳಲಿಲ್ಲ.